ಪದ ಪರಿಚಯ: ಕ್ಲಸ್ಟರ್ ವಸತಿ

ಮೈಸೂರಿನ ಕುವೆಂಪುನಗರಕ್ಕೆ ಹೋಗಿ, ಬೋಗಾದಿ ಕಡೆ ಹೋಗಿ, ಮನೆಗಳ ಜೋಡಣೆ ಹೆಚ್ಚೂಕಮ್ಮಿ ಒಂದೇ. ಮೂವತ್ತು-ನಲವತ್ತರ ಸೈಟು, ಸುತ್ತ ಕಾಂಪೌಂಡು, ಮುಂದೊಂದು ಗೇಟು, ಎಲ್ಲರ ಮುಖವೂ ರಸ್ತೆಗೆ. ಕ್ಲಸ್ಟರ್ ವಸತಿಯಲ್ಲಿ ಹಾಗಲ್ಲ. ಏಳೆಂಟು ಮನೆಗಳು ನಡುವಿನ ಒಂದು ಅಂಗಳಕ್ಕೆ ಮುಖ ಮಾಡಿರುತ್ತವೆ. ಅಂಥ ಒಂದು ಗುಂಪೇ ಕ್ಲಸ್ಟರ್. ಇಂಥ ಹಲವು ಗುಂಪು ಸೇರಿದರೆ ಬಡಾವಣೆ.

ನಮ್ಮ ವಠಾರದ ಹಾಗೆ ಅಲ್ವಾ? ಅರ್ಧ ಹೌದು. ವಠಾರದಲ್ಲಿ ನಲ್ಲಿ, ಬಚ್ಚಲು ಕೂಡ ಹಂಚಿಕೊಳ್ಳಬೇಕಿತ್ತು. ಜಗಳ ಹುಟ್ಟುತ್ತಿದ್ದದ್ದೂ ಅಲ್ಲೇ. ಇಲ್ಲಿ ಅವೆಲ್ಲ ಅವರವರದೇ. ಅಂಗಳ ಮಾತ್ರ ಎಲ್ಲರದು.

1980ರ ದಶಕದಲ್ಲಿ ನವಿ ಮುಂಬೈನ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮಾಡಿದ ಬಡಾವಣೆ ಇದಕ್ಕೆ ಒಳ್ಳೇ ಉದಾಹರಣೆ. 7 ಮನೆಗಳ ನಡುವೆ 8 ಮೀಟರ್ ಉದ್ದಗಲದ ಅಂಗಳ. ಅಂಥ 3 ಗುಂಪು, ಅಂದರೆ 21 ಮನೆ ಸೇರುವಲ್ಲಿ 12 ಮೀಟರಿನ ಇನ್ನೊಂದು ಅಂಗಳ. 8 ಮೀಟರ್ ಅಂದರೆ ಸುಮಾರು 26 ಅಡಿ. ಎದುರು ಬಾಗಿಲಿನವರನ್ನು ಕೂಗದೆ ಮಾತಾಡಿಸಬಹುದು. ಏಳು ಮನೆಯವರ ಹೆಸರು ತಾನಾಗೇ ನೆನಪಿರುತ್ತದೆ. ಎಪ್ಪತ್ತು ಮನೆ ಆದರೆ ಆಗಲ್ಲ.

ಆದರೆ ಸುಮ್ನೆ ಅಂಗಳ ಬಿಟ್ಟರೆ ಸಾಲದು. ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೇ, ನನ್ನ ಪ್ರಕಾರ, ಮುಖ್ಯ. ಕಾರು ಗೇಟಿನೊಳಗೇ ಬಂದರೆ ಗೇಟು ಹಾಕಿಕೊಂಡರೆ ಮುಗೀತು. ಗುಂಪಿನ ಅಂಚಲ್ಲೇ ನಿಲ್ಲಿಸಿದರೆ ಅಂಗಳ ದಾಟಿ ನಡೆದು ಬರಬೇಕು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತವರು "ಏನು, ಇವತ್ತು ಲೇಟು?" ಅನ್ನುತ್ತಾರೆ. ಪರಿಚಯ ಬೆಳೆಯುವುದು ಇಂಥ ಮಾತಿನಲ್ಲೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲ್ಯಾಂಗ್ಲಿಯಲ್ಲಿ ವಾಸ್ತುಶಿಲ್ಪಿ ರಾಸ್ ಚಾಪಿನ್ 1998ರಲ್ಲಿ 8 ಪುಟ್ಟ ಮನೆಗಳನ್ನು ಜೋಡಿಸಿದಾಗಲೂ ಗಾಡಿಗಳನ್ನು ಪಕ್ಕಕ್ಕೇ ಇಟ್ಟರು.

ಜಗಲಿಯೂ ಬೇಕೇ ಬೇಕು. ಮಾತು ಬೇಕಾದಾಗ ಹೊರಗೆ ಕೂರಬಹುದು, ಬೇಡವಾದಾಗ ಒಳಗೆ ಹೋಗಬಹುದು. ಅದಿಲ್ಲದೆ ಅಂಗಳದವರ ಕಣ್ಣು ನೇರ ಹಾಲ್‌ಗೇ ಬಿದ್ದರೆ ಎಲ್ಲರೂ ಕರ್ಟನ್ ಎಳೆದು ಕೂರುತ್ತಾರೆ, ಅಷ್ಟೇ.

ಜಾಗ ಜಾಸ್ತಿ ಹೋಗುತ್ತದೆ ಅನ್ನುವವರು ಒಂದು ಲೆಕ್ಕ ಹಾಕಿ ನೋಡಿ. 1200 ಚದರಡಿಯ 8 ಸೈಟುಗಳಿಂದ ತಲಾ 150 ಚದರಡಿ ಸೇರಿಸಿದರೆ ಒಂದು ಸೈಟಿನಷ್ಟು ಅಂಗಳ. ಈಗ ಮನೆಗೂ ಕಾಂಪೌಂಡಿಗೂ ನಡುವೆ ಸೆಟ್‌ಬ್ಯಾಕ್ ಅಂತ ಬಿಡುವ ಸಂದಿಯಲ್ಲಿ ಒಡೆದ ಬಕೆಟ್ಟು, ಹಳೇ ಸೈಕಲ್ಲು ಬಿಟ್ಟು ಇನ್ನೇನಿರುತ್ತದೆ?

ದೊಡ್ಡ ಗೇಟು, ಸೆಕ್ಯುರಿಟಿ ಇದ್ದ ಮಾತ್ರಕ್ಕೆ ಕ್ಲಸ್ಟರ್ ಆಗುವುದಿಲ್ಲ. ಮೂಲೆಯಲ್ಲೊಂದು ಪಾರ್ಕು ಬಿಟ್ಟರೂ ಆಗುವುದಿಲ್ಲ. ಲೇಔಟಿನ ನಕ್ಷೆ ಬರೆಯುವಾಗಲೇ ಇದು ತೀರ್ಮಾನವಾಗಬೇಕು. ಅಣ್ಣತಮ್ಮಂದಿರೋ ಸ್ನೇಹಿತರೋ ಪಕ್ಕಪಕ್ಕದ ಸೈಟು ತಗೊಂಡಿದ್ದರೆ ಮಾತ್ರ ನಡುವೆ ಕಾಂಪೌಂಡ್ ಎಬ್ಬಿಸದೆ ಸಣ್ಣ ಮಟ್ಟದಲ್ಲಿ ಮಾಡಿಕೊಳ್ಳಬಹುದು. ಅಂಗಳ ಗುಡಿಸುವವರು ಯಾರು, ಅಲ್ಲಿನ ದೀಪದ ಬಿಲ್ಲು ಯಾರದು ಅನ್ನುವುದನ್ನು ಪಾಯ ತೋಡುವ ಮೊದಲೇ ಬರೆದಿಟ್ಟುಕೊಳ್ಳಿ.