ಡಾಕ್ಟರಿಗೆ ತೋರಿಸಿದರೆ ಪೊರೆ ಹರಿಯುತ್ತದೆಯೇ?

ಪ್ರಶ್ನೆ: ಮಗಳಿಗೆ 14 ವರ್ಷ. ಮುಟ್ಟು ಸರಿಯಾಗಿ ಆಗುತ್ತಿಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಿದರೆ ಒಳಗೆ ಪರೀಕ್ಷೆ ಮಾಡಿ ಕನ್ಯಾಪೊರೆ ಹರಿಯುವುದಿಲ್ಲವೇ? – ಒಬ್ಬ ತಾಯಿ, ಕುಂಬಳೆ

ಈ ಪ್ರಶ್ನೆ ಬರದ ತಿಂಗಳಿಲ್ಲ. ಕುಂಬಳೆಯದು ಮುಗಿದರೆ ಉಪ್ಪಳದ್ದು, ಆಮೇಲೆ ಬದಿಯಡ್ಕದ್ದು.

ಇಲ್ಲ ಅಮ್ಮಾ, ಹರಿಯುವುದಿಲ್ಲ. ಈ ವಯಸ್ಸಿಗೆ ಒಳಗಿನ ಪರೀಕ್ಷೆ ಬೇಕಾಗುವುದೇ ಅಪರೂಪ. ಸ್ಕ್ಯಾನ್ ಕೂಡ ಹೊಟ್ಟೆಯ ಮೇಲಿಂದಲೇ. ಅದಕ್ಕೇ ಅಲ್ವಾ ಬಾಟಲಿಗಟ್ಟಲೆ ನೀರು ಕುಡಿಸಿ, ಮೂತ್ರ ತಡೆದುಕೋ ಎಂದು ಬೆಂಚಿನಲ್ಲಿ ಕೂರಿಸುವುದು? ಮುಟ್ಟು ಶುರುವಾಗಿ ವರ್ಷ ದಾಟಿದ ಮೇಲೂ 45 ದಿನಕ್ಕಿಂತ ಜಾಸ್ತಿ ಅಂತರವಿದ್ದರೆ ತೋರಿಸಿ.

ಇನ್ನು ಆ ಪೊರೆ. ಹೊಸ ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಕಾಗದ ಅಂಟಿಸಿರುತ್ತಾರಲ್ಲ, ಹಾಗೆ ಅಂತ ಜನರ ಎಣಿಕೆ. ಹಾಗೆ ಮುಚ್ಚಿದ್ದರೆ ತಿಂಗಳ ರಕ್ತ ಬರುವುದು ಎಲ್ಲಿಂದ? ಎಲ್ಲೋ ಕೆಲವರಿಗೆ ಹುಟ್ಟಿನಿಂದಲೇ ಪೂರ್ತಿ ಮುಚ್ಚಿರುತ್ತದೆ. ರಕ್ತ ಒಳಗೇ ನಿಂತು ತಿಂಗಳು ತಿಂಗಳು ಹೊಟ್ಟೆನೋವು. ಸಣ್ಣ ಆಪರೇಶನ್ ಮಾಡಿ ಬಿಡಿಸಬೇಕು. ಉಳಿದವರಿಗೆ ಅದು ಯೋನಿಯ ಬಾಯಿಯ ಸುತ್ತ ಇರುವ ಮೆತ್ತನೆ ಅಂಚು, ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಆಕಾರ. ಎಳೆದರೆ ಹಿಗ್ಗುತ್ತದೆ. ಅದನ್ನು ನೋಡಿ ಹುಡುಗಿ ಹೀಗೆ, ಹಾಗೆ ಎಂದು ಹೇಳಲು ಯಾವ ಡಾಕ್ಟರಿಗೂ ಆಗದು. ನನಗೂ ಆಗದು. 'ಕನ್ಯಾ' ಅಂತ ಹೆಸರಿಟ್ಟವರಿಗೆ ನಾಲ್ಕು ಮಾತು ಹೇಳಬೇಕು.

ಇಷ್ಟು ಹೇಳಿದ ಮೇಲೂ ಮಗಳನ್ನು ಹೊರಗೆ ಕಳಿಸಿ, ಸ್ವರ ತಗ್ಗಿಸಿ, "ಡಾಕ್ಟ್ರೇ, ಅದನ್ನೂ ಒಮ್ಮೆ ನೋಡಿಬಿಡಿ" ಎನ್ನುವವರಿದ್ದಾರೆ. ನೋಡುವುದಿಲ್ಲ. ಅತ್ಯಾಚಾರದ ಕೇಸಿನಲ್ಲೂ, ಯೋನಿಯೊಳಗೆ ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ' ತಪ್ಪು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕನ್ಯತ್ವ ಪರೀಕ್ಷೆಯನ್ನೇ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕರೆ ಕೊಟ್ಟಿತು. ನಿಮ್ಮ ಸಮಾಧಾನಕ್ಕೆ ಅಂತ ಮಾಡಲು ಬರುತ್ತದಾ?

ನೀವು ಕೇಳದ ಒಂದು ಮಾತು. ನಮ್ಮ ಕಾಸರಗೋಡಿನಲ್ಲಿ ಡಾಕ್ಟರ್ ಮಲಯಾಳ, ಹುಡುಗಿ ಕನ್ನಡವೋ ತುಳುವೋ. ನಡುವೆ ಚಿಕ್ಕಮ್ಮ. ಒಮ್ಮೆ ನಾನೂ ಅಲ್ಲೇ ಕೂತಿದ್ದೆ. ಹುಡುಗಿ ಬಿಕ್ಕುತ್ತಾ ನಾಲ್ಕು ವಾಕ್ಯ ಹೇಳಿದಳು. ಚಿಕ್ಕಮ್ಮ ಡಾಕ್ಟರಿಗೆ ದಾಟಿಸಿದ್ದು ಒಂದೇ: "ಒನ್ನುಮಿಲ್ಲ." ಅಂದರೆ, ಏನೂ ಇಲ್ಲ.

ಕನ್ನಡ ಬಲ್ಲ ನರ್ಸನ್ನು ಕೇಳಿ, ಸಿಗುತ್ತಾರೆ. ಡಾಕ್ಟರ್ ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಲಾರರು. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಮಾತನ್ನು ಡಾಕ್ಟರ್ ಹುಡುಗಿಗೆ ಅವಳು ಬಾಯಿ ಬಿಡುವ ಮೊದಲೇ ಹೇಳಬೇಕು, ಆಮೇಲಲ್ಲ. ಉಳಿದ ಮಾತಿಗೆ ಅವಳಿಗೊಂದು ಐದು ನಿಮಿಷ ಕೊಡಿ. ನೀವು ಹೊರಗೆ ಬೆಂಚಿನಲ್ಲಿ ಕೂತಿರಿ. ನೀರಿನ ಬಾಟಲಿ ಹೇಗೂ ಅಲ್ಲೇ ಇರುತ್ತದೆ.