ಶ್ರಿಂಕೇಜ್: ಕಪಾಟಿನಲ್ಲೇ ಕರಗುವ ಸಾಮಾನು

ತೂಕ ಇಳಿಯುವುದು ಚಿಕ್ಕಮಗಳೂರಿನವರಿಗೆ ಹೊಸದಲ್ಲ. 100 ಕಿಲೋ ಕಾಫಿ ಬೀಜ ಹುರಿದರೆ ಸಿಗುವುದು 80ರಿಂದ 85 ಕಿಲೋ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪುಡಿಗೆ ದರ ಕಟ್ಟುತ್ತಾರೆ.

ಊರಿನ ಸೂಪರ್ ಮಾರ್ಕೆಟ್‌ಗಳಲ್ಲಿ ಇಳಿಯುವುದೇ ಬೇರೆ. ಕಂಪ್ಯೂಟರ್‌ನಲ್ಲಿ 40 ಡಬ್ಬಿ ತುಪ್ಪ ಅಂತಿರುತ್ತದೆ, ಎಣಿಸಿದರೆ 37. ಆ 3 ಡಬ್ಬಿಯೇ ಶ್ರಿಂಕೇಜ್. ಅಂಗಡಿ ಮಾತಿನಲ್ಲಿ ಸ್ಟಾಕ್ ಶಾರ್ಟ್.

ಪದದ ಅರ್ಥ ಕುಗ್ಗುವುದು. ತುಪ್ಪದ ಡಬ್ಬಿ ಎಲ್ಲಾದರೂ ಕುಗ್ಗುತ್ತದೆಯೇ? ಕಳ್ಳತನ ಅನ್ನಲು ಸಂಕೋಚ ಅಂತ ನಾನೂ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ಗಿರಾಕಿ ಜೇಬಿಗಿಳಿಸಿದ್ದು, ಕೆಲಸದವರು ಸಾಗಿಸಿದ್ದು, ಲಾರಿಯಿಂದ ಇಳಿಸುವಾಗಲೇ ಕಮ್ಮಿ ಬಂದದ್ದು, ಬಿಲ್ ತಪ್ಪಿದ್ದು, ಇಲಿ ಕಡಿದದ್ದು ಎಲ್ಲವೂ ಇದರೊಳಗೇ. ಯಾವುದು ಎಷ್ಟು ಅಂತ ಎಣಿಕೆ ಹೇಳುವುದಿಲ್ಲ. ಹಾಗಾಗಿ ಏನೂ ಮಾಡದ ಸೇಲ್ಸ್ ಹುಡುಗಿಯ ಮೇಲೂ ಅನುಮಾನ.

100 ರೂಪಾಯಿಗೆ ಮಾರುವ ಸಾಮಾನಿನಲ್ಲಿ 10 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ಒಂದು ಕಳವಾದರೆ 90 ರೂಪಾಯಿ ಅಸಲು ಹೋಯಿತು. ಅದನ್ನು ತುಂಬಿಸಲು ಇನ್ನೂ 9 ಮಾರಬೇಕು. ಹಾಗಾದರೆ ಬೆಲೆ ಏರಿಸಿಬಿಡುತ್ತಾರೆ, ಅಲ್ವಾ? ಪ್ಯಾಕೆಟ್ ಸಾಮಾನನ್ನು ಎಂಆರ್‌ಪಿ ದಾಟಿ ಮಾರುವಂತಿಲ್ಲ. ಅದಕ್ಕೇ ಕತ್ತರಿ ಬೀಳುವುದು ರಿಯಾಯಿತಿಗೆ. 5 ರೂಪಾಯಿ ಕಡಿಮೆಗೆ ಸಿಗುತ್ತಿದ್ದ ಸೋಪು ಒಂದು ದಿನ ಪೂರ್ತಿ ಬೆಲೆಗೆ ಬರುತ್ತದೆ. ಕಾರಣ ನಮಗೆ ಗೊತ್ತೇ ಆಗುವುದಿಲ್ಲ.

ಕಾನೂನಿಗೆ ಚಾಕೊಲೇಟು ಕದ್ದರೂ ಕಳ್ಳತನವೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ. ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಮೊದಲ ಸಲ ಶಿಕ್ಷೆಗೊಳಗಾದವರು ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ.

ಹಳೆ ದಿನಸಿ ಅಂಗಡಿಯಲ್ಲಿ ಈ ಕಾಟ ಇಷ್ಟಿರಲಿಲ್ಲ. ಚೀಟಿ ಕೊಟ್ಟರೆ ಅವರೇ ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಕೈಗೆ ಸಿಗುವಂತೆ ಜೋಡಿಸಿಟ್ಟರೆ ಜನ ಜಾಸ್ತಿ ಕೊಳ್ಳುತ್ತಾರೆ ಅನ್ನುವುದು ಸೂಪರ್ ಮಾರ್ಕೆಟ್‌ನ ಲೆಕ್ಕ. ಕದಿಯುವ ಕೈಗೂ ಅದೇ ಅನುಕೂಲ. ಈಗ ಬಾಗಿಲಲ್ಲಿ ಚೀಲ ಕೊಟ್ಟು ಟೋಕನ್ ತಗೋಬೇಕು, ಹೊರಡುವಾಗ ಬಿಲ್ ತೋರಿಸಬೇಕು. ಬ್ಲೇಡು, ದುಬಾರಿ ಚಾಕೊಲೇಟು ಕೆಲವು ಕಡೆ ಗಲ್ಲಾದ ಹಿಂದಕ್ಕೆ ಹೋಗಿವೆ. ಬೇಕಾದರೆ ಕೇಳಿ ಇಸ್ಕೋಬೇಕು, ಹಳೆ ಅಂಗಡಿಯ ಹಾಗೇ.