ಹತ್ತಿರದ ಕದ್ರಿಗಿಂತ ದೂರದ ಬ್ರಹ್ಮಾವರವೇ ಚೆನ್ನಾಗಿ ಕೇಳುತ್ತಿದ್ದುದು ಏಕೆ?

ಪ್ರಶ್ನೆ: ನಮ್ಮದು ಕಾಸರಗೋಡಿನ ಕುಂಬಳೆ ಸಮೀಪ, ಗುಡ್ಡೆಗಳ ನಡುವಿನ ತಗ್ಗಾದ ಬೈಲಿನಲ್ಲಿರುವ ಮನೆ. ಅಜ್ಜನ ಹಳೆಯ ಟ್ರಾನ್ಸಿಸ್ಟರಿನಲ್ಲಿ ಮಂಗಳೂರು ಆಕಾಶವಾಣಿ ಗಂಟೆ ಹೊಡೆದಂತೆ ಕೇಳುತ್ತಿತ್ತು ಎಂದು ಮನೆಯವರು ಹೇಳುತ್ತಾರೆ. ಆ ಪ್ರಸಾರ ಬರುತ್ತಿದ್ದುದು ಉಡುಪಿಯಾಚೆಯ ಬ್ರಹ್ಮಾವರದಿಂದಂತೆ. ಈಗ ಅದೇ ನಿಲಯದ ಎಫ್‌ಎಂ ಮಂಗಳೂರಿನಿಂದಲೇ ಬರುತ್ತಿದ್ದರೂ ಮನೆಯೊಳಗೆ ಕರಕರ ಶಬ್ದವೇ ಹೆಚ್ಚು. ದೂರದ್ದು ಕೇಳಿ, ಹತ್ತಿರದ್ದು ಕೇಳದಿರಲು ಕಾರಣವೇನು?

ಉತ್ತರ: ನಿಮ್ಮ ಮನೆಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಕುಂಬಳೆಯಿಂದ, ಎಫ್‌ಎಂ ಹೊರಡುವ ಮಂಗಳೂರಿನ ಕದ್ರಿ ಗುಡ್ಡಕ್ಕೆ ನೇರವಾಗಿ ಅಳೆದರೆ 30–35 ಕಿ.ಮೀ. ಇದ್ದೀತು, ಬ್ರಹ್ಮಾವರಕ್ಕೆ 90 ಕಿ.ಮೀ.ಗೂ ಮಿಕ್ಕಿ. ಆದರೆ ರೇಡಿಯೊ ಅಲೆಯ ಲೆಕ್ಕದಲ್ಲಿ ಕಿಲೋಮೀಟರಿಗಿಂತ ಮುಖ್ಯವಾದುದು ಅದು ಸಾಗಿ ಬರುವ ನೆಲ ಎಂಥದು, ದಾರಿಯಲ್ಲಿ ಅಡ್ಡ ನಿಂತಿರುವುದೇನು ಎಂಬುದು. ಕಾಸರಗೋಡಿನ ಕನ್ನಡಿಗರು ಯಾವ ಕಾಲದಲ್ಲಿ ಯಾವ ನಿಲಯವನ್ನು ಕೇಳಿದರು ಎಂಬ ಚರಿತ್ರೆಯೂ ಬಹುಮಟ್ಟಿಗೆ ಇದೇ ಲೆಕ್ಕದಿಂದ ತೀರ್ಮಾನವಾದದ್ದು.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಅದಕ್ಕೂ 20 ವರ್ಷ ಮೊದಲೇ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ ಆಗಿತ್ತು. ಆ ನಡುವಿನ 20 ವರ್ಷ ಇಲ್ಲಿನವರಿಗೆ ಹಗಲು ಹೊತ್ತು ಕನ್ನಡದ ದನಿ ಸುಲಭವಾಗಿ ಸಿಗುತ್ತಿರಲಿಲ್ಲ. 1950ರಲ್ಲೇ ಆರಂಭವಾಗಿದ್ದ ಕೋಝಿಕ್ಕೋಡು ನಿಲಯ ಕರಾವಳಿಯಲ್ಲೇ ಇದ್ದುದರಿಂದ ಅದರ ಮಲಯಾಳ ಪ್ರಸಾರಕ್ಕೆ ದಾರಿ ಸಲೀಸಾಗಿತ್ತು. ಕನ್ನಡದ ನಿಲಯಗಳಾದ ಬೆಂಗಳೂರು, ಧಾರವಾಡ, ಭದ್ರಾವತಿ ಮೂರೂ ಘಟ್ಟದ ಮೇಲಿನವು. ಘಟ್ಟದ ಒಣ ಬಂಡೆನೆಲವನ್ನು ಹಾದು ಕೆಳಗಿಳಿಯುವಷ್ಟರಲ್ಲಿ ಅಲೆ ಸೊರಗಿಬಿಡುತ್ತದೆ. ಕತ್ತಲಾದ ಮೇಲೆ ಮಾತ್ರ ಸ್ಥಿತಿ ಬದಲಾಗುತ್ತಿತ್ತು. ಹಗಲಿನಲ್ಲಿ ಮಧ್ಯಮ ತರಂಗವನ್ನು (ಮೀಡಿಯಂ ವೇವ್) ಹೀರಿಕೊಳ್ಳುವ, ಎತ್ತರದ ಅಯಾನುಮಂಡಲದ ಕೆಳಪದರವೊಂದು ಸೂರ್ಯ ಮುಳುಗಿದ ಮೇಲೆ ಇಲ್ಲವಾಗಿ, ಮೇಲಿನ ಪದರಕ್ಕೆ ತಾಗಿದ ಅಲೆಗಳು ನೂರಾರು ಕಿಲೋಮೀಟರ್ ಆಚೆಗೆ ಬಂದಿಳಿಯುತ್ತವೆ. ಹಾಗಾಗಿ ಬೆಂಗಳೂರು, ಧಾರವಾಡಗಳು ನಮ್ಮ ಕಡೆಗೆ ರಾತ್ರಿಯ ನಿಲಯಗಳು, ಅವೂ ಏರುತ್ತ ಇಳಿಯುತ್ತ, ಬಾವಿಯೊಳಗಿಂದ ಮಾತನಾಡಿದ ಹಾಗೆ.

ಭದ್ರಾವತಿಯದು ಇನ್ನೊಂದು ಫಜೀತಿ. ನಮ್ಮ ದೇಶದ ಮಧ್ಯಮ ತರಂಗದ ನಿಲಯಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಜೋಡಿಸಲಾಗಿದೆ. ಈ ಜೋಡಣೆಯಲ್ಲಿ ಭದ್ರಾವತಿಗೆ 675, ಕೋಝಿಕ್ಕೋಡಿಗೆ 684. ಅಂದರೆ ಡಯಲ್ ಮೇಲೆ ಇವೆರಡೂ ಪಕ್ಕದ ಮನೆಯವರು. ಒಬ್ಬರದು ಸಣ್ಣ ದನಿ, ಇನ್ನೊಬ್ಬರದು ದೊಡ್ಡ ಗಂಟಲು. ಇದಕ್ಕೆ ಮನೆಗಳಲ್ಲಿ ಒಂದು ಉಪಾಯವಿತ್ತು. ಮುಳ್ಳನ್ನು ಮುಟ್ಟದೆ, ರೇಡಿಯೊವನ್ನೇ ಮೇಜಿನ ಮೇಲೆ ಮೆಲ್ಲನೆ ತಿರುಗಿಸಬೇಕು. ಟ್ರಾನ್ಸಿಸ್ಟರಿನ ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೊಂದು ಅಡ್ಡಲಾಗಿ ಇರುತ್ತದೆ. ಕಡ್ಡಿಯ ತುದಿ ಯಾವ ನಿಲಯದ ಕಡೆ ಮುಖ ಮಾಡುತ್ತದೋ ಆ ನಿಲಯದ ದನಿ ಕುಗ್ಗುತ್ತದೆ. ಕಡ್ಡಿ ಅಡ್ಡಡ್ಡ ನಿಂತಾಗ ಏರುತ್ತದೆ. ಕುಂಬಳೆಯಲ್ಲಿ ನಿಂತವರಿಗೆ ಕೋಝಿಕ್ಕೋಡು ಆಗ್ನೇಯಕ್ಕೆ, ಭದ್ರಾವತಿ ಈಶಾನ್ಯಕ್ಕೆ. ಕಡ್ಡಿಯ ತುದಿಯನ್ನು ಕೋಝಿಕ್ಕೋಡಿನ ಕಡೆಗೆ ಹಿಡಿದರೆ ಅಲ್ಲಿನ ದನಿ ಅಡಗಿ, ಭದ್ರಾವತಿ ತಲೆ ಎತ್ತುತ್ತದೆ. ಫೆರೈಟು, ಆಗ್ನೇಯ ಎಂಬ ಲೆಕ್ಕಾಚಾರ ತಿಳಿಯದ ಹಿರಿಯರೂ ರೇಡಿಯೊವನ್ನು ಗೋಡೆಗೆ ಓರೆಯಾಗಿ ಇಟ್ಟು, ‘ಇನ್ನು ಯಾರೂ ಮುಟ್ಟಬೇಡಿ’ ಎನ್ನುತ್ತಿದ್ದುದರ ಹಿಂದಿನ ವಿಜ್ಞಾನ ಇಷ್ಟೇ.

ಮಂಗಳೂರು ನಿಲಯ ಬಂದಾಗ ಈ ಸರ್ಕಸ್ಸು ಮುಗಿಯಿತು. ಅದರ ಸ್ಟುಡಿಯೊ ಇರುವುದು ಕದ್ರಿಯಲ್ಲಿ; 20 ಕಿಲೋವ್ಯಾಟಿನ ಮಧ್ಯಮ ತರಂಗದ ಪ್ರೇಷಕವನ್ನು (ಟ್ರಾನ್ಸ್‌ಮಿಟರ್) ನಿಲ್ಲಿಸಿದ್ದು ಬ್ರಹ್ಮಾವರದಲ್ಲಿ. ಮಾತನಾಡುವ ಜಾಗ ಒಂದು, ಮಾತು ಗಾಳಿಗೆ ಸೇರುವ ಜಾಗ ಇನ್ನೊಂದು ಆಗಿರುವುದು ವಿಚಿತ್ರವೆಂದು ತೋರಬಹುದು. ಮಧ್ಯಮ ತರಂಗದ ಮಟ್ಟಿಗೆ ಅದೇ ರೂಢಿ. 1089 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 275 ಮೀಟರ್. ಅದರ ಕಾಲು ಭಾಗವೆಂದರೂ ಕಂಬ 69 ಮೀಟರ್ ಎತ್ತರ ಬೇಕು. ಇಂಥ ಕಂಬಗಳ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ಚಕ್ರದ ಅರಗಳಂತೆ ನೆಲದಲ್ಲಿ ಹೂಳುತ್ತಾರೆ. ಇಲ್ಲಿ ನೆಲವೂ ಏರಿಯಲ್ಲಿನ ಅರ್ಧ ಭಾಗವೇ. ಆದ್ದರಿಂದ ಬೇಕಾದುದು ಎತ್ತರದ ಗುಡ್ಡವಲ್ಲ, ವಿಶಾಲವಾದ, ನೀರಿನ ಪಸೆಯಿರುವ ತಗ್ಗುನೆಲ. ಒಣಗಿದ ಮುರಕಲ್ಲಿನ ಗುಡ್ಡೆ ಇದಕ್ಕೆ ಒಗ್ಗುವುದಿಲ್ಲ.

ಅಲ್ಲಿಂದ ಹೊರಟ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ನೆಲ ಎಷ್ಟು ಚೆನ್ನಾಗಿ ವಿದ್ಯುತ್ತನ್ನು ಹಾಯಿಸುತ್ತದೆಯೋ ಅಲೆ ಅಷ್ಟು ದೂರ ಹೋಗುತ್ತದೆ. ಉಪ್ಪುನೀರು ಒಣನೆಲಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವಿದ್ಯುತ್ತನ್ನು ಹಾಯಿಸಬಲ್ಲದು. ಭೂಪಟ ತೆಗೆದು ಬ್ರಹ್ಮಾವರದಿಂದ ಕುಂಬಳೆಗೆ ಒಂದು ಗೆರೆ ಎಳೆದು ನೋಡಿ. ಗೆರೆ ಪೂರ್ತಿಯಾಗಿ ಸಮುದ್ರದ ಮೇಲೆ ಹೋಗುವುದಿಲ್ಲ ನಿಜ, ಆದರೆ ಕಡಲಿನ ಅಂಚನ್ನೇ ಹಿಡಿದು, ಅಳಿವೆಗಳನ್ನೂ ಗದ್ದೆಬೈಲುಗಳನ್ನೂ ದಾಟುತ್ತ ಬರುತ್ತದೆ. 90 ಕಿ.ಮೀ. ದೂರ ಬಂದರೂ ದನಿ ಸೊರಗದಿರಲು ಇದೇ ಕಾರಣ. ಅಲೆ ಇಷ್ಟು ಉದ್ದವಿರುವುದರಿಂದ ನಿಮ್ಮ ಮನೆಯ ಹಿಂದಿನ ಗುಡ್ಡೆ ಅದಕ್ಕೊಂದು ಅಡ್ಡಿಯೇ ಅಲ್ಲ. ಅದನ್ನು ಬಳಸಿಕೊಂಡು ಬೈಲಿಗೆ ಇಳಿದುಬಿಡುತ್ತದೆ.

ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಆ ಭಾಗದ ಅಡಿಕೆ ಅಂಗಳಗಳಿಗೆ ಮಂಗಳೂರಿನ ದನಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ಬಂತು. ಕನ್ನಡದ ಜತೆಗೆ ತುಳು, ಕೊಂಕಣಿ ಕಾರ್ಯಕ್ರಮಗಳೂ ಇದ್ದುದು ಈ ಬಹುಭಾಷೆಯ ಊರುಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಕಾಸರಗೋಡಿನವರನ್ನು ನಿಜವಾಗಿ ರೇಡಿಯೊದ ಮುಂದೆ ಕಟ್ಟಿಹಾಕಿದ್ದು ತಾಳಮದ್ದಳೆ ಎಂದು ನನ್ನ ಅಭಿಪ್ರಾಯ. ವೇಷವಿಲ್ಲ, ಕುಣಿತವಿಲ್ಲ; ಯಕ್ಷಗಾನದ ಭಾಗವತರ ಪದ, ಮದ್ದಳೆ, ಪಾತ್ರಗಳಾಗಿ ಮಾತನಾಡುವ ಅರ್ಥಧಾರಿಗಳ ಮಾತು ಅಷ್ಟೇ. ಕಣ್ಣಿಗೆ ಕೆಲಸವಿಲ್ಲದ ಇಂಥ ಕಲೆಗೆ ರೇಡಿಯೊಕ್ಕಿಂತ ಒಳ್ಳೆಯ ರಂಗಸ್ಥಳ ಬೇರೆ ಯಾವುದು? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನಲ್ಲಿರುವ ಶೇಣಿಯೂ ಕಾಸರಗೋಡಿನದೇ. ತಮ್ಮ ನೆಲದ ಮಾತುಗಾರಿಕೆಯೇ ಬ್ರಹ್ಮಾವರವನ್ನು ಸುತ್ತಿಕೊಂಡು ತಮ್ಮ ಚಾವಡಿಗೆ ಮರಳಿ ಬರುವುದನ್ನು ಜನ ಕೇಳಿದರು. ನಮ್ಮ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಸಂವಾದ ಬಿಸಿಯೇರಿದರೆ ಎಲ್ಲರ ಕೈಯೂ ನಿಲ್ಲುತ್ತಿತ್ತು. ಪದ ಆರಂಭವಾದ ಮೇಲಷ್ಟೇ ಮತ್ತೆ ಸಿಪ್ಪೆ ಬೀಳುವ ಸದ್ದು.

ಇನ್ನು ಎಫ್‌ಎಂ. ಮಂಗಳೂರು ಆಕಾಶವಾಣಿಯ ಎಫ್‌ಎಂ ಇರುವುದು 100.3 ಮೆಗಾಹರ್ಟ್ಸಿನಲ್ಲಿ. ಈ ಅಲೆಯ ಉದ್ದ ಬರೀ 3 ಮೀಟರ್. ಇದು ನೆಲಕ್ಕೆ ಅಂಟಿಕೊಂಡು ಹೋಗುವುದಿಲ್ಲ, ಗುಡ್ಡೆಯನ್ನು ಬಳಸಿ ಬರುವುದೂ ಅಷ್ಟಕ್ಕಷ್ಟೇ. ಹೆಚ್ಚುಕಡಿಮೆ ಬೆಳಕಿನಂತೆ ನೇರ ಹೋಗುತ್ತದೆ. ಏರಿಯಲ್ 100 ಮೀಟರ್ ಎತ್ತರದಲ್ಲಿದ್ದರೆ ಸಪಾಟು ನೆಲದ ಮೇಲೆ ಅದರ ನೋಟ ಸುಮಾರು 41 ಕಿ.ಮೀ. ತನಕ. ಕುಂಬಳೆ ಆ ಅಳತೆಯೊಳಗೇ ಬರುತ್ತದೆ, ಆದರೆ ನಮ್ಮ ನೆಲ ಸಪಾಟಲ್ಲವಲ್ಲ. ತೋಟ, ಮನೆಗಳೆಲ್ಲ ನೀರಿನಾಸರೆ ಹಿಡಿದು ಬೈಲಿನಲ್ಲಿವೆ. ಉತ್ತರಕ್ಕೊಂದು ಗುಡ್ಡೆ ಇದ್ದರೆ ಮನೆ ಅದರ ನೆರಳಿನಲ್ಲಿ ಬೀಳುತ್ತದೆ. ಬಾಯಾರು, ಪೈವಳಿಕೆ ಕಡೆಗಳಲ್ಲೂ ಗುಡ್ಡೆಯ ನೆತ್ತಿಯಲ್ಲಿ ಎಫ್‌ಎಂ ಹಾಡುತ್ತದೆ, ಇಳಿಜಾರಿನಲ್ಲಿ ಉಗ್ಗುತ್ತದೆ, ತೋಟಕ್ಕೆ ಇಳಿದರೆ ಸುಮ್ಮನಾಗುತ್ತದೆ. ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಹೋದಂತೆ 101.5ರ ಕಣ್ಣೂರು ನಿಲಯ ಬಲವಾಗುತ್ತ ಬರುತ್ತದೆ. ಎರಡು ಭಾಷೆಗಳ ನಡುವೆ ಡಯಲ್ ಮೇಲೆ ಇರುವುದು ಕೂದಲೆಳೆಯ ಅಂತರ.

ಹಳೆಯ ಟ್ರಾನ್ಸಿಸ್ಟರನ್ನು ಅಟ್ಟದಿಂದ ಇಳಿಸಿದರೆ ಅಜ್ಜನ ಕಾಲದಂತೆ ಕೇಳೀತೇ ಎಂಬ ಆಸೆ ನಿಮಗಿದ್ದರೆ, ಅದನ್ನು ಇಟ್ಟುಕೊಳ್ಳದಿರುವುದೇ ಲೇಸು. ಆ ಕಾಲದಲ್ಲಿ ಮಧ್ಯಮ ತರಂಗಕ್ಕೆ ಇದ್ದ ಶತ್ರು ಮಿಂಚೊಂದೇ. ಈಗ ಎಲ್‌ಇಡಿ ಬಲ್ಬು, ಇನ್ವರ್ಟರ್, ಮೊಬೈಲ್ ಚಾರ್ಜರ್ ಎಲ್ಲವೂ ಅದೇ ತರಂಗದಲ್ಲಿ ಗೊರಗುಟ್ಟುತ್ತವೆ.

ಎಫ್‌ಎಂಗೆ ಮಾತ್ರ ದಾರಿಯಿದೆ. 75 ಸೆಂಟಿಮೀಟರ್ ಉದ್ದದ ತಂತಿ ಅಲೆಯ ಕಾಲು ಭಾಗಕ್ಕೆ ಸರಿಹೊಂದುತ್ತದೆ. ಅದನ್ನು ಮಾಡಿನ ಮೇಲೆ, ಗುಡ್ಡೆಯ ಮರೆಯಿಂದ ಆದಷ್ಟು ಹೊರಗೆ ನೆಟ್ಟಗೆ ನಿಲ್ಲಿಸಿ, ಟಿ.ವಿ.ಗೆ ಬಳಸುವ ಕೇಬಲ್ಲಿನಲ್ಲಿ ರೇಡಿಯೊದ ಏರಿಯಲ್ಲಿಗೆ ಜೋಡಿಸಿ. ಒಳಗಿನ ಎಳೆ ನಿಲ್ಲಿಸಿದ ತಂತಿಗೆ ಸೇರಬೇಕು, ಹೊರಗಿನ ಹೆಣಿಗೆ ಅದಕ್ಕೆ ತಾಗಬಾರದು. ಮಳೆಗಾಲದಲ್ಲಿ ಗುಡುಗು ಆರಂಭವಾಗುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗೆ ಹಾಕಲು ಮರೆಯಬೇಡಿ; ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಬೇಡಿ.